ಕೆರೆಯಂಚಿನ ಕೆಟ್ಟ ನೆಲದಲ್ಲಿ ಲೇಔಟ್: ತಕರಾರು ಸಲ್ಲಿಸುವ ಕ್ರಮ

ಮೂವತ್ತು ವರ್ಷ ಭೂಮಾಪಕನಾಗಿ ಸರಪಳಿ ಎಳೆದು ನಿವೃತ್ತನಾದ ಮೇಲೆ ಹುಬ್ಬಳ್ಳಿಯ ಹೊರವಲಯದಲ್ಲಿ, ಸಣ್ಣ ಕೆರೆಯೊಂದರ ಹತ್ತಿರ ಮನೆ ಕಟ್ಟಿಕೊಂಡೆ. ಹಿಂದೊಮ್ಮೆ ಆ ಕೆರೆಯ ದಂಡೆಯಲ್ಲಿ ಹಳೆಯ ಬ್ಯಾಟರಿ ಒಡೆದು ಸೀಸ ಕರಗಿಸುವ ಶೆಡ್ಡುಗಳಿದ್ದವು. ಶೆಡ್ಡು ಹೋದವು, ಕರಿ ಬೂದಿ ಉಳಿಯಿತು. ಅದರ ಮೇಲೆ ಎರಡು ಅಡಿ ಗರಸು ಸುರಿದು ‘ನಿವೇಶನಗಳು ಮಾರಾಟಕ್ಕಿವೆ’ ಎಂಬ ಫಲಕ ನೆಟ್ಟ ದಿನ ನಮ್ಮ ಓಣಿಯವರು ಘೋಷಣೆ ಬರೆಯಲು ಕುಳಿತರು. ಅದು ಆಮೇಲಿನ ಕೆಲಸ.

ಮೊದಲು ಸರ್ವೆ ನಂಬರ್ ಹಿಡಿಯಿರಿ. ಪಹಣಿ ಮಾತ್ರ ನೋಡಿ ಮರಳಬೇಡಿ. ಗ್ರಾಮ ನಕಾಶೆ, ಮೂಲ ಟಿಪ್ಪಣಿ (ಮೊದಲ ಅಳತೆಯ ನಕ್ಷೆ), ಆಕಾರಬಂದ್ (ಸರ್ವೆ ನಂಬರಿನ ವಿಸ್ತೀರ್ಣ, ಕಂದಾಯದ ದಾಖಲೆ) ಮೂರರದ್ದೂ ದೃಢೀಕೃತ ನಕಲು ಪಡೆಯಿರಿ. ಅವುಗಳಲ್ಲಿ ‘ಬ’ ಖರಾಬು ಎಂದಿದ್ದರೆ ಅದು ಹಳ್ಳ, ಕೆರೆ, ದಾರಿಯಂತಹ ಸಾರ್ವಜನಿಕ ಬಳಕೆಯ ನೆಲ. ನಮ್ಮ ನಕಾಶೆಯಲ್ಲಿ ಕೆರೆಗೆ ನೀರು ತರುವ ಹಳ್ಳ ಲೇಔಟಿನ ನಟ್ಟನಡುವೆ ಹಾಯ್ದಿತ್ತು. ಲೇಔಟಿನವರ ಬಣ್ಣದ ಕರಪತ್ರದಲ್ಲಿ ಅದೇ ಜಾಗದಲ್ಲಿ ನಲವತ್ತು ಅಡಿ ರಸ್ತೆ! ಗೂಗಲ್ ಅರ್ಥ್‌ನಲ್ಲಿ ಹಿಂದಿನ ವರ್ಷಗಳ ಚಿತ್ರಗಳನ್ನೂ ತೆಗೆದು ಜೊತೆಗಿಡಿ.

ಭೂಪರಿವರ್ತನೆಯ ಕಡತಕ್ಕೆ ಮಾಹಿತಿ ಹಕ್ಕಿನ ಅರ್ಜಿ ಹಾಕಿ. ಶುಲ್ಕ 10 ರೂಪಾಯಿ. ಕರ್ನಾಟಕದ ನಿಯಮದಂತೆ ಒಂದು ಅರ್ಜಿಗೆ ಒಂದೇ ವಿಷಯ, ಸಾಮಾನ್ಯವಾಗಿ 150 ಪದದೊಳಗೆ. ಸಿಟ್ಟನ್ನೆಲ್ಲ ಅದರಲ್ಲಿ ತುಂಬಿದರೆ ಅರ್ಜಿ ಹಾಗೆಯೇ ತಿರುಗಿ ಬರಬಹುದು.

ನಾವು ಎಡವಿದ್ದು ದಿನಾಂಕದಲ್ಲಿ. ಮಹಾಯೋಜನೆಯಲ್ಲಿ (ಊರಿನ ಮಾಸ್ಟರ್ ಪ್ಲಾನ್) ಭೂಬಳಕೆ ಬದಲಿಸುವ ಮುನ್ನ ಯೋಜನಾ ಪ್ರಾಧಿಕಾರ ಪತ್ರಿಕೆಯಲ್ಲಿ ಪ್ರಕಟಣೆ ಕೊಟ್ಟು ಆಕ್ಷೇಪಣೆಗೆ ಕನಿಷ್ಠ 15 ದಿನ ಬಿಡಬೇಕು. ಕೊಟ್ಟಿದ್ದರು. ನಮ್ಮ ಓಣಿಯಲ್ಲಿ ಆ ಪತ್ರಿಕೆಯನ್ನು ಯಾರೂ ತರಿಸುತ್ತಿರಲಿಲ್ಲ. ಮೂರ್ನಾಲ್ಕು ಮನೆಯವರು ಬೇರೆ ಬೇರೆ ಪತ್ರಿಕೆ ಹಂಚಿಕೊಂಡು ಒಳಪುಟದ ಪ್ರಕಟಣೆಗಳನ್ನು ದಿನವೂ ನೋಡಿ. ಆಕ್ಷೇಪಣೆ ಸಲ್ಲಿಸಿದಾಗ ಆವಕದ (ಸ್ವೀಕರಿಸಿದ) ಮುದ್ರೆ ಬಿದ್ದ ಪ್ರತಿ ಕೈಗೆ ಬಾರದೆ ಕಿಟಕಿ ಬಿಟ್ಟು ಕದಲಬೇಡಿ.

ನೆಲ ಕೆಟ್ಟಿದೆ ಎಂಬುದಕ್ಕೆ ವರದಿ ಬೇಕು. ಸೀಸ ಕೊಳೆತು ಹೋಗುವ ವಸ್ತುವಲ್ಲ. ಬ್ಯಾಟರಿಯ ಆಮ್ಲ ಬಿದ್ದಲ್ಲಿ ಅದು ನೀರಿಗೆ ಇನ್ನಷ್ಟು ಸುಲಭವಾಗಿ ಇಳಿಯುತ್ತದೆ. ನಮ್ಮದು ಎರೆ ಭೂಮಿ. ಬೇಸಿಗೆಯಲ್ಲಿ ಬಾಯಿ ಬಿಟ್ಟ ಬಿರುಕುಗಳಲ್ಲಿ ಮೊದಲ ಮಳೆಯ ನೀರು ನೇರ ಕೆಳಗಿಳಿಯುತ್ತದೆ. ನಾನು ತಂಪು ಪಾನೀಯದ ಖಾಲಿ ಬಾಟಲಿಯಲ್ಲಿ ಬಾವಿ ನೀರು ಒಯ್ದೆ, ಪ್ರಯೋಗಾಲಯದವರು ಮುಟ್ಟಲೂ ಇಲ್ಲ. ಸೀಸದ ಪರೀಕ್ಷೆಗೆ ಆಮ್ಲದಲ್ಲಿ ತೊಳೆದ ಬಾಟಲಿ ಬೇಕು, ನೀರಿಗೆ ನೈಟ್ರಿಕ್ ಆಮ್ಲ ಬೆರೆಸಿಡಬೇಕು. ಎನ್‌ಎಬಿಎಲ್ (ಪ್ರಯೋಗಾಲಯಗಳಿಗೆ ಮಾನ್ಯತೆ ಕೊಡುವ ರಾಷ್ಟ್ರೀಯ ಮಂಡಳಿ) ಮಾನ್ಯತೆಯ ಪ್ರಯೋಗಾಲಯದವರನ್ನೇ ಕರೆಸಿ, ಇಬ್ಬರು ಸಾಕ್ಷಿಗಳೆದುರು ತೆಗೆಸಿ. ಮಣ್ಣನ್ನು ಹೊಸ ಗರಸಿನ ಕೆಳಗಿನಿಂದ ತೆಗೆಯಬೇಕು, ಇಲ್ಲವಾದರೆ ಗುಡ್ಡದ ಮಣ್ಣಿಗೆ ಪ್ರಮಾಣಪತ್ರ ಪಡೆದಂತೆ. ಕುಡಿಯುವ ನೀರಿನಲ್ಲಿ ಸೀಸದ ಮಿತಿ ಲೀಟರಿಗೆ 0.01 ಮಿಲಿಗ್ರಾಂ, ವರದಿಯಲ್ಲಿ ಆ ಸಾಲಿಗೆ ಕೆಂಪು ಗೆರೆ ಎಳೆಯಿರಿ.

ವರದಿಯನ್ನು ಪಾಲಿಕೆ, ಜಿಲ್ಲಾಧಿಕಾರಿ, ಧಾರವಾಡದಲ್ಲಿರುವ ಮಾಲಿನ್ಯ ನಿಯಂತ್ರಣ ಮಂಡಳಿಯ ಪ್ರಾದೇಶಿಕ ಕಚೇರಿ ಮೂರಕ್ಕೂ ಕೊಡಿ. ಕಲುಷಿತ ಸ್ಥಳಗಳ ನಿರ್ವಹಣೆಗೆ 2025ರಲ್ಲಿ ಕೇಂದ್ರದ ನಿಯಮಗಳು ಬಂದಿವೆ: ಶಂಕಿತ ಸ್ಥಳದ ಮಾಹಿತಿ ತಲುಪಿದ 90 ದಿನಗಳೊಳಗೆ ಮಂಡಳಿ ಪ್ರಾಥಮಿಕ ಪರಿಶೀಲನೆ ಮುಗಿಸಬೇಕು. ಊರ ಕಸದ ಗುಡ್ಡೆಗೆ ಈ ನಿಯಮ ಅನ್ವಯಿಸುವುದಿಲ್ಲ. ಅಪಾರ್ಟ್‌ಮೆಂಟ್ ಬರುತ್ತಿದ್ದು ಅದರ ಕಟ್ಟಡ ವಿಸ್ತೀರ್ಣ 20,000 ಚದರ ಮೀಟರ್ ತಲುಪಿದರೆ ಪರಿಸರ ಅನುಮತಿ ಬೇಕು. ಆದರೆ ಆ ಅನುಮತಿಯ ಕುರಿತ ಕೇಂದ್ರದ 2006ರ ಅಧಿಸೂಚನೆ ಕಟ್ಟಡ ಯೋಜನೆಗಳಿಗೆ ಸಾರ್ವಜನಿಕ ಅಹವಾಲು ಸಭೆಯಿಂದ ವಿನಾಯಿತಿ ಕೊಟ್ಟಿದೆ. ಸಭೆ ಕರೆದಾರೆಂದು ಕಾಯುತ್ತ ಕೂರಬೇಡಿ. ರಾಷ್ಟ್ರೀಯ ಹಸಿರು ನ್ಯಾಯಮಂಡಳಿಯ ನಮ್ಮ ಪೀಠ ಚೆನ್ನೈನಲ್ಲಿದೆ. ಇಂಥ ತಕರಾರನ್ನು ಅಲ್ಲಿಗೆ ಒಯ್ಯಲು, ಅದರ ಕಾರಣ ಮೊದಲು ಹುಟ್ಟಿದ ದಿನದಿಂದ ಆರು ತಿಂಗಳ ಗಡುವು.

ಮುಂಗಡ ಕೊಟ್ಟವರನ್ನು ಬೈಯಬೇಡಿ. ಮಗಳ ಹೆಸರಿನಲ್ಲಿ ನಿವೇಶನ ಕಾದಿರಿಸಿದ್ದ ಒಬ್ಬ ಬಸ್ ನಿರ್ವಾಹಕರಿಗೆ ವರದಿ ತೋರಿಸಿದೆ. ಓದಿ, ನೀರು ಕೇಳಿ ಕುಡಿದು, ಮರುದಿನ ಎಂಟು ಜನ ಖರೀದಿದಾರರೊಂದಿಗೆ ಬಂದರು. ಅವರ ಸಹಿಗಳಿಗೆ ಇದ್ದ ತೂಕ ನಮ್ಮ ನೂರು ಸಹಿಗಳಿಗೆ ಇರಲಿಲ್ಲ.

ಸ್ಥಳ ಪರಿಶೀಲನೆಯ ದಿನ ಶೆಡ್ಡಿನಲ್ಲಿ ದುಡಿದಿದ್ದ ಹಿರಿಯರೊಬ್ಬರನ್ನು ಕರೆದುಕೊಂಡು ಹೋಗಿ, ಬೂದಿ ಎಲ್ಲಿ ಹೂತಿದೆ ಎಂದು ಅವರೇ ಕೈ ಮಾಡಿ ತೋರಿಸಲಿ. ಒಂದು ಗುದ್ದಲಿಯೂ ಇರಲಿ. ಪಂಚನಾಮೆಯಲ್ಲಿ ‘ಗರಸು ಕಂಡುಬಂದಿದೆ’ ಎಂದಷ್ಟೇ ಬರೆದಿದ್ದರೆ ಸಹಿ ಹಾಕಬೇಡಿ. ಅದರ ಕೆಳಗೆ ಕಂಡದ್ದನ್ನೂ ಬರೆಸಿ, ಆಮೇಲೆ ಹಾಕಿ.