ಉಟ್ಟ ಸೀರೆಗಳನ್ನು ಆನ್‌ಲೈನ್‌ನಲ್ಲಿ ಮಾರುತ್ತ ನಾನು ಕಲಿತ ಒಡನಾಟ

ಉಟ್ಟ ಸೀರೆ, ತೊಟ್ಟ ಸ್ವೆಟರು, ಮಕ್ಕಳಿಗೆ ಗಿಡ್ಡವಾದ ಕುಪ್ಯ (ಕೊಡವ ಗಂಡಸರು, ಹುಡುಗರು ತೊಡುವ ಮೊಣಕಾಲುದ್ದದ ಮೇಲಂಗಿ), ಇಂಥವನ್ನು ಮಡಿಕೇರಿಯ ನಮ್ಮ ಮನೆಯಿಂದಲೇ ಆನ್‌ಲೈನ್ ಮರುಮಾರಾಟ ತಾಣಗಳಲ್ಲಿ ಮಾರಲು ನಾನು ತೊಡಗಿದ್ದು 2022ರ ಜನವರಿಯಲ್ಲಿ. ಮೊದಲ ಮೂರು ತಿಂಗಳಲ್ಲಿ ಮಾರಾಟವಾದದ್ದು ಎರಡೇ ಸೀರೆ. ಫೋಟೊಗಳು ಚೆನ್ನಾಗಿದ್ದವು, ಬೆಲೆಯೂ ಹೆಚ್ಚಿರಲಿಲ್ಲ, ಆದರೂ ನೋಡಿದವರು ನೋಡಿ ಮುಂದೆ ಹೋಗುತ್ತಿದ್ದರು. ಅದರ ಕಾರಣ ನನಗೆ ನಿಧಾನವಾಗಿ ಹೊಳೆಯಿತು. ಜವಳಿ ಅಂಗಡಿಯವರ ಬಳಿ ಒಂದೇ ನಮೂನೆಯ ಹತ್ತಾರು ಸೀರೆಗಳಿರುತ್ತವೆ, ಒಂದಕ್ಕೆ ಹೇಳಿದ ಮಾತು ಉಳಿದವಕ್ಕೂ ಸಲ್ಲುತ್ತದೆ, ಅಂಗಡಿಯ ಹೆಸರೇ ಅರ್ಧ ವ್ಯಾಪಾರ ಮಾಡಿಬಿಡುತ್ತದೆ. ಉಟ್ಟ ಬಟ್ಟೆಯಲ್ಲಿ ಹಾಗಿಲ್ಲ. ಪ್ರತಿಯೊಂದೂ ಒಂದೇ ಒಂದು, ಪ್ರತಿಯೊಂದಕ್ಕೂ ಅದರದೇ ಚರಿತ್ರೆ. ಕೊಳ್ಳುವವರು ಸೀರೆಯನ್ನು ನೋಡುವ ಮೊದಲು ಮಾರುವವರನ್ನು ನೋಡುತ್ತಾರೆ. ಯಾರು ಉಟ್ಟದ್ದು, ಹೇಗೆ ಒಗೆದದ್ದು, ಕಲೆ ಇದ್ದರೆ ಹೇಳುವ ಪೈಕಿಯವರೋ ಮುಚ್ಚಿಡುವವರೋ ಎಂಬುದು ಖಚಿತವಾಗದೆ ಯಾರೂ ಹಣ ಕಳುಹಿಸುವುದಿಲ್ಲ.

ಹಾಗಾಗಿ ಪರಿಚಯ ಬೆಳೆಸುವುದೇ ಮೊದಲ ಕೆಲಸ ಎಂದು ತೀರ್ಮಾನಿಸಿದೆ. ಅದರ ರೀತಿಯನ್ನು ನಾನು ಕಲಿತದ್ದು ಪಾಶ್‌ಮಾರ್ಕ್‌ನಲ್ಲಿ. 2011ರಲ್ಲಿ ಅಮೆರಿಕದಲ್ಲಿ ಆರಂಭವಾಗಿ 2021ರಲ್ಲಿ ಭಾರತಕ್ಕೂ ಬಂದ ಆ ತಾಣದ ಏರ್ಪಾಡು ಬೇರೆ ಅಂಗಡಿಗಳಂತಿರಲಿಲ್ಲ. ಅಲ್ಲಿ ಪ್ರತಿ ಮಾರಾಟಗಾರರದ್ದೂ ಒಂದು ಬೀರು, ಅದರಲ್ಲಿರುವ ಯಾವುದೇ ವಸ್ತುವನ್ನು ನಾವು ಶೇರ್ ಮಾಡಿದರೆ ಅದು ನಮ್ಮನ್ನು ಅನುಸರಿಸುವವರ ಕಣ್ಣಿಗೆ ಮತ್ತೆ ಬೀಳುತ್ತದೆ. ನಮ್ಮ ವಸ್ತುವನ್ನಷ್ಟೇ ಅಲ್ಲದೆ ಬೇರೆಯವರ ವಸ್ತುವನ್ನೂ ಶೇರ್ ಮಾಡಬಹುದು ಎಂಬುದೇ ಅಲ್ಲಿನ ಜೀವಾಳ. ಆರಂಭದಲ್ಲಿ ನಾನು ನನ್ನವನ್ನು ಮಾತ್ರ ದಿನಕ್ಕೆ ಹತ್ತು ಸಲ ಶೇರ್ ಮಾಡುತ್ತಿದ್ದೆ, ಏನೂ ಪ್ರಯೋಜನವಾಗಲಿಲ್ಲ. ಆಮೇಲೆ ರಾತ್ರಿ ಊಟದ ನಂತರದ ಅರ್ಧ ಗಂಟೆಯನ್ನು ಬೇರೆಯವರಿಗೆಂದೇ ಇಟ್ಟೆ.

ಕಂಡವರದ್ದೆಲ್ಲ ಶೇರ್ ಮಾಡಿದರೆ ನಮ್ಮ ಮಾತಿಗೆ ಬೆಲೆ ಹೋಗುತ್ತದೆ ಎಂಬುದು ಬೇಗನೆ ಗೊತ್ತಾಯಿತು. ನನ್ನ ಬಳಿ ಇಲ್ಲದ್ದನ್ನು, ಆದರೆ ನನ್ನನ್ನು ಕೇಳಿದವರಿಗೆ ಬೇಕಾದದ್ದನ್ನು ಮಾತ್ರ ಆರಿಸಿಕೊಂಡೆ. ಯಾರಾದರೂ ಮೈಸೂರು ರೇಷ್ಮೆ ಕೇಳಿದಾಗ ನನ್ನಲ್ಲಿ ಇಲ್ಲದಿದ್ದರೆ ‘ಇಲ್ಲ’ ಎಂದಷ್ಟೇ ಬರೆಯದೆ, ಮೈಸೂರಿನ ಒಬ್ಬ ಮಾರಾಟಗಾರ್ತಿಯ ಸೀರೆಯನ್ನು ತೋರಿಸಿ, ಕೊಳ್ಳುವ ಮೊದಲು ಏನು ಕೇಳಬೇಕೆಂಬುದನ್ನೂ ತಿಳಿಸುತ್ತಿದ್ದೆ. ಸರ್ಕಾರಿ ರೇಷ್ಮೆ ನಿಗಮವಾದ ಕೆ.ಎಸ್.ಐ.ಸಿ.ಯ ಮೈಸೂರು ರೇಷ್ಮೆ ಸೀರೆಗೆ ಕಸೂತಿಯಲ್ಲಿ ಮೂಡಿಸಿದ ಅದರದೇ ಸಂಖ್ಯೆ ಇರುತ್ತದೆ, ಅದರ ಫೋಟೊ ತರಿಸಿಕೊಳ್ಳಿ ಎನ್ನುತ್ತಿದ್ದೆ. ಬೇರೆ ರೇಷ್ಮೆಯಾದರೆ ಸೆರಗಿನ ಕುಚ್ಚಿನಿಂದ ಒಂದು ಎಳೆ ತೆಗೆದು ಸುಟ್ಟು ನೋಡಲು ಕೇಳಿ, ಕೂದಲು ಸುಟ್ಟ ವಾಸನೆ ಬಂದು ಬೂದಿ ಬೆರಳಲ್ಲಿ ಪುಡಿಯಾದರೆ ರೇಷ್ಮೆ, ಕರಗಿ ಗಟ್ಟಿ ಮಣಿಯಾದರೆ ಪಾಲಿಯೆಸ್ಟರ್ ಎಂದು ಬರೆಯುತ್ತಿದ್ದೆ. ಆ ಮೈಸೂರಿನವರು ಒಂದು ತಿಂಗಳೊಳಗೆ ನನ್ನ ಕೊಡವ ಸೀರೆಗಳನ್ನು ತಮ್ಮವರಿಗೆ ತೋರಿಸತೊಡಗಿದರು. ನಾನು ಅವರನ್ನು ಕೇಳಿಕೊಂಡಿರಲೇ ಇಲ್ಲ.

2023ರಲ್ಲಿ ಪಾಶ್‌ಮಾರ್ಕ್ ಭಾರತದಲ್ಲಿನ ಸೇವೆಯನ್ನು ನಿಲ್ಲಿಸಿತು. ಆ ಹೊತ್ತಿಗೆ ಇನ್‌ಸ್ಟಾಗ್ರಾಂನಲ್ಲಿ ನನ್ನ ಖಾತೆ ಇತ್ತು, ಮಾತುಕತೆಯ ಬಳಕೆಯೂ ಇತ್ತು, ಆದ್ದರಿಂದ ಬೇರೆ ತಾಣಕ್ಕೆ ಹೋದಾಗ ಹಳೆಯ ಗಿರಾಕಿಗಳಲ್ಲಿ ಬಹುಪಾಲು ಜನ ನನ್ನನ್ನು ಹುಡುಕಿಕೊಂಡು ಬಂದರು. ಫಾಲೋವರ್ಸ್ ಸಂಖ್ಯೆಯ ಬಗ್ಗೆ ನನಗೆ ಆಸೆ ಕಡಿಮೆಯಾದದ್ದು ಆಗಲೇ. ಆ ಸಂಖ್ಯೆ ತಾಣದ್ದು, ಪರಿಚಯ ಮಾತ್ರ ನಮ್ಮದು.

ಇನ್ನು ಪ್ರಶ್ನೆಗಳ ವಿಷಯ. ಇಡೀ ವ್ಯಾಪಾರದಲ್ಲಿ ನಾನು ಅತಿ ಹೆಚ್ಚು ಕಲಿತದ್ದು ಇಲ್ಲಿ. ವಿರಾಜಪೇಟೆ ಕಡೆಯ ಒಬ್ಬ ಹೆಣ್ಣುಮಗಳು ಹಸಿರು ಅಂಚಿನ ಒಂದು ಸೀರೆಯ ಕೆಳಗೆ ಹೀಗೆ ಕೇಳಿದರು: ‘ಅಕ್ಕ, ಕಲೆ ಇದೆ ಅಂತ ಹಾಕಿದ್ದೀರಿ. ನಮ್ಮ ಹಾಗೆ ನೆರಿಗೆ ಹಿಂದಕ್ಕೆ ಉಟ್ಟರೆ ಆ ಕಲೆ ಎಲ್ಲಿಗೆ ಬರುತ್ತೆ?’ ನಾನು ಕಲೆಯ ಫೋಟೊ ಹಾಕಿದ್ದೆ, ಅಂಚಿನಿಂದ ಎಷ್ಟು ದೂರ ಎಂದು ಅಳತೆಯನ್ನೂ ಕೊಟ್ಟಿದ್ದೆ, ಆದರೆ ಇದನ್ನು ಯೋಚಿಸಿಯೇ ಇರಲಿಲ್ಲ. ಕೊಡವ ಉಡುಗೆಯಲ್ಲಿ ನೆರಿಗೆಯನ್ನು ಹಿಂದೆ ಸಿಕ್ಕಿಸುತ್ತಾರೆ, ಸೆರಗು ಎಡಗೈಯ ಕೆಳಗಿನಿಂದ ಬಂದು ಬಲಭುಜದ ಮೇಲೆ ನಿಲ್ಲುತ್ತದೆ. ಎಂದಮೇಲೆ ಸೀರೆಯ ಯಾವ ಭಾಗ ಎದ್ದು ಕಾಣುತ್ತದೆ, ಯಾವುದು ಮಡಿಕೆಯೊಳಗೆ ಹೋಗುತ್ತದೆ ಎಂಬುದೆಲ್ಲ ಬೇರೆಯಾಗುತ್ತದೆ. ಆ ಸಂಜೆ ಕಲೆಯ ಜಾಗಕ್ಕೆ ಬಿಳಿ ದಾರದಲ್ಲಿ ಒಂದು ಟಾಕು ಹಾಕಿ ಗುರುತು ಮಾಡಿಕೊಂಡು, ಸೀರೆಯನ್ನು ಮೊದಲು ಮುಂದೆ ನೆರಿಗೆ ಬರುವಂತೆ ಉಟ್ಟೆ, ಬಿಳಿ ಗುರುತು ಎದುರಿನ ನೆರಿಗೆಯ ಮೇಲೆಯೇ ಕಂಡಿತು. ಬಿಚ್ಚಿ ಕೊಡವ ರೀತಿಯಲ್ಲಿ ಉಟ್ಟಾಗ ಅದು ಹಿಂದಿನ ನೆರಿಗೆಗಳ ಒಳಮಡಿಕೆಗೆ ಸೇರಿ ಮರೆಯಾಯಿತು. ಮಗಳಿಂದ ಎರಡೂ ಫೋಟೊ ತೆಗೆಸಿ, ಎರಡನ್ನೂ ಎಲ್ಲರಿಗೂ ಕಾಣುವಂತೆ ಉತ್ತರವಾಗಿ ಹಾಕಿದೆ. ಕೇಳಿದವರು ಅದನ್ನು ಕೊಂಡರು. ಅದಕ್ಕಿಂತ ದೊಡ್ಡದೆಂದರೆ, ಆ ಒಂದು ಉತ್ತರವನ್ನು ಓದಿದ ಬೇರೆ ಐದಾರು ಮಂದಿ ತಮ್ಮ ಪ್ರಶ್ನೆಗಳನ್ನು ತಂದರು.

ಅಂದಿನಿಂದ ಪ್ರಶ್ನೆಗಳನ್ನು ಒಂದು ನೋಟ್‌ಬುಕ್ಕಿನಲ್ಲಿ ಬರೆದಿಡುತ್ತೇನೆ. ರವಿಕೆಯ ಒಳಗೆ ಬಿಚ್ಚಿ ದೊಡ್ಡದು ಮಾಡಲು ಎಷ್ಟು ಬಟ್ಟೆ ಬಿಟ್ಟಿದ್ದಾರೆ, ಫಾಲ್ ಬದಲಾಯಿಸಿದ್ದೀರಾ, ಹುಡುಗನ ಕುಪ್ಯದ ಉದ್ದ ಭುಜದಿಂದ ಎಷ್ಟು, ಕುಪ್ಯದ ಮೇಲೆ ಸೊಂಟಕ್ಕೆ ಕಟ್ಟುವ ಚೇಲೆ ಜೊತೆಗಿದೆಯೇ, ಇಂಥ ಪ್ರಶ್ನೆ ಎರಡನೆಯ ಸಲ ಬಂದರೆ ಅದರ ಉತ್ತರವನ್ನು ಮುಂದಿನ ಪ್ರತಿ ವಿವರಣೆಯಲ್ಲಿ ಮೊದಲೇ ಸೇರಿಸುತ್ತೇನೆ. ಪುಟದ ಎಡಭಾಗದಲ್ಲಿ ಕೇಳಿದವರ ಹೆಸರು, ಬಲಭಾಗದಲ್ಲಿ ಅವರಿಗೆ ಬೇಕಾದ ಅಳತೆ. ಹೊಸ ಬಟ್ಟೆ ಬಂದಾಗ ತಾಣಕ್ಕೆ ಹಾಕುವ ಮೊದಲು ಆ ಪುಟವನ್ನು ತಿರುವಿ, ಹೊಂದುವವರಿಗೆ ಒಂದು ಸಾಲು ಬರೆಯುತ್ತೇನೆ. ಎಲ್ಲರಿಗೂ ಒಂದೇ ಸಂದೇಶ ಕಳುಹಿಸುವುದನ್ನು ನಾನು ಮಾಡುವುದಿಲ್ಲ, ಅದು ಒಡನಾಟವಲ್ಲ, ತಮಟೆ ಬಾರಿಸಿದ ಹಾಗೆ.

ನಾನು ತಪ್ಪು ಮಾಡಿದ್ದೂ ಇದೆ. 2022ರ ಜುಲೈಯಲ್ಲಿ ಹುಬ್ಬಳ್ಳಿಯ ಒಬ್ಬರಿಗೆ ಕಂಚಿ ಸೀರೆ ಕಳುಹಿಸಿದೆ. ನಮ್ಮಲ್ಲಿ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಬೀರುವಿನೊಳಗಿನ ಬಟ್ಟೆಯೂ ತೇವ ಹಿಡಿಯುತ್ತದೆ, ದಿನವೂ ಆ ಗಾಳಿಯಲ್ಲೇ ಇರುವ ನಮ್ಮ ಮೂಗಿಗೆ ಅದು ತಿಳಿಯುವುದಿಲ್ಲ. ‘ಪಾರ್ಸೆಲ್ ಬಿಚ್ಚಿದ ಕೂಡಲೇ ಮುಗ್ಗಲು ವಾಸನೆ ಬಂತು, ಒಳಮಡಿಕೆಯಲ್ಲಿ ಬೂಷ್ಟು ಇದೆ’ ಎಂದು ಅವರು ಬರೆದಾಗ ನನಗೆ ನಿಜವಾಗಿಯೂ ಸಂಕಟವಾಯಿತು. ಸೀರೆಯ ಹಣವನ್ನೂ ಕೊರಿಯರ್ ಖರ್ಚನ್ನೂ ಹಿಂದಿರುಗಿಸಿ, ನಡೆದದ್ದನ್ನು ಅವರ ಹೆಸರು ಹೇಳದೆ ನನ್ನ ಖಾತೆಯಲ್ಲಿ ಬರೆದು, ಇನ್ನು ಮುಂದೆ ಮಳೆಗಾಲದಲ್ಲಿ ರೇಷ್ಮೆ ಮಾರುವುದಿಲ್ಲ ಎಂದು ತಿಳಿಸಿದೆ. ಮನೆಯವರು ಇದನ್ನು ಊರಿಗೆಲ್ಲ ಸಾರುವುದೇಕೆ ಎಂದರು. ಆದರೆ ಅದನ್ನು ಓದಿದ ಹಲವರು ತಮ್ಮ ಮನೆಯ ಉಪಾಯಗಳನ್ನು ಬರೆದು ಕಳುಹಿಸಿದರು: ಒಣ ಬೇವಿನ ಸೊಪ್ಪು, ಹತ್ತಿ ಬಟ್ಟೆಯಲ್ಲಿ ಗಂಟು ಕಟ್ಟಿದ ಕಾಳುಮೆಣಸು, ತಿಂಗಳಿಗೊಮ್ಮೆ ಮಡಿಕೆ ಬದಲಿಸುವುದು. ಅವುಗಳನ್ನು ಒಟ್ಟುಗೂಡಿಸಿ ಹಾಕಿದ್ದು ನನ್ನ ಖಾತೆಯಲ್ಲಿ ಅತಿ ಹೆಚ್ಚು ಜನ ಉಳಿಸಿಕೊಂಡ ಬರಹವಾಯಿತು. ಈಗ ಮಳೆಗಾಲದಲ್ಲಿ ಸ್ವೆಟರು, ಜಾಕೆಟ್ಟು, ಮಕ್ಕಳ ರೈನ್‌ಕೋಟುಗಳನ್ನಷ್ಟೇ ಮಾರುತ್ತೇನೆ. ಗಾಳಿಮಳೆಗೆ ಕರೆಂಟು, ನೆಟ್‌ವರ್ಕು ಎರಡೂ ಹೋಗುವ ದಿನಗಳಿರುವುದರಿಂದ, ಉತ್ತರಕ್ಕೆ ಎರಡು ದಿನ ಹಿಡಿಯಬಹುದು ಎಂದು ಮೊದಲೇ ಬರೆದಿಡುತ್ತೇನೆ. ತಡವಾದ ಉತ್ತರವನ್ನು ಜನ ಸಹಿಸುತ್ತಾರೆ, ಕಾರಣ ಹೇಳದ ಮೌನವನ್ನು ಸಹಿಸುವುದಿಲ್ಲ.

ಚೌಕಾಸಿಯ ಬಗ್ಗೆ ಹೆಚ್ಚು ಹೇಳಲಿಕ್ಕಿಲ್ಲ. ಅರ್ಧ ಬೆಲೆಗೆ ಕೇಳುವವರ ಮೇಲೆ ಸಿಡುಕದೆ, ಬೆಲೆ ಏಕೆ ಅಷ್ಟಿದೆ ಎಂದು ಎರಡು ಸಾಲಿನಲ್ಲಿ ಹೇಳಿ, ಎರಡು ವಸ್ತು ಒಟ್ಟಿಗೆ ತೆಗೆದುಕೊಂಡರೆ ಕೊರಿಯರ್ ಖರ್ಚು ಉಳಿಯುತ್ತದೆ ಎಂದು ತೋರಿಸುತ್ತೇನೆ. ಅಷ್ಟು ಸಾಕಾಗುತ್ತದೆ.

ಮಾರಾಟಗಾರರಾದ ನಾವು ನಮ್ಮೊಳಗೆ ಇಟ್ಟುಕೊಂಡಿರುವ ವಾಟ್ಸ್ಆ್ಯಪ್ ಗುಂಪಿನ ಬಗ್ಗೆ ಮಾತ್ರ ಹೇಳಲೇಬೇಕು. ಅಲ್ಲಿ ಮಾರಾಟದ ಪೋಸ್ಟ್ ನಿಷಿದ್ಧ. ಒಬ್ಬರಿಗೆ ‘ಹಣ ಕಳುಹಿಸುತ್ತಿದ್ದೇನೆ, ಈ ಕ್ಯೂಆರ್ ಕೋಡ್ ಸ್ಕ್ಯಾನ್ ಮಾಡಿ’ ಎಂಬ ಸಂದೇಶ ಬಂದಾಗ ಅವರು ಮೊದಲು ಗುಂಪಿನಲ್ಲಿ ಕೇಳಿದ್ದರಿಂದ ಉಳಿದರು. ಹಣ ಪಡೆಯಲು ಸ್ಕ್ಯಾನ್ ಮಾಡುವುದಾಗಲಿ ಯುಪಿಐ ಪಿನ್ ಹಾಕುವುದಾಗಲಿ ಬೇಕಿಲ್ಲ, ಮೋಸ ನಡೆದೇ ಹೋದರೆ ತಡಮಾಡದೆ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಕರೆ ಮಾಡಬೇಕು ಎಂಬುದನ್ನು ಹೊಸದಾಗಿ ಸೇರುವ ಪ್ರತಿಯೊಬ್ಬರಿಗೂ ನಾವು ಮೊದಲ ದಿನವೇ ಹೇಳುತ್ತೇವೆ.

ಕೊಡಗಿನೊಳಗಿನ ಗಿರಾಕಿಗಳಿಗೆ ಪಾರ್ಸೆಲ್ ಕಳುಹಿಸುವುದಕ್ಕಿಂತ ಕೈಗೆ ಕೊಡುವುದು ನನಗೆ ಇಷ್ಟ. ಹಳ್ಳಿಯವರು ಶುಕ್ರವಾರದ ಸಂತೆಗೆ ಮಡಿಕೇರಿಗೆ ಬರುವಾಗ ಬಟ್ಟೆಯನ್ನು ಮುಟ್ಟಿ ನೋಡಿ ಒಯ್ಯುತ್ತಾರೆ, ಬೇಡವೆನಿಸಿದರೆ ಅಲ್ಲೇ ಬಿಡುತ್ತಾರೆ. ಕುಪ್ಯದ ವಿಷಯದಲ್ಲಿ ಇದು ಇನ್ನೂ ಮುಖ್ಯ. ಮದುಮಗನ ಬಿಳಿ ಕುಪ್ಯವನ್ನು ನಾನು ಮಾರಾಟಕ್ಕೆ ಇಡುವುದಿಲ್ಲ, ಅದು ಮನೆಯಲ್ಲೇ ಉಳಿಯಬೇಕಾದದ್ದು ಎಂಬುದು ನನ್ನ ಭಾವನೆ. ಆದರೆ ಒಂದೆರಡು ಹಬ್ಬಕ್ಕೆ ತೊಟ್ಟು ಗಿಡ್ಡವಾದ ಹುಡುಗರ ಕರಿ ಕುಪ್ಯ ಒಂದು ಮನೆಯಿಂದ ಇನ್ನೊಂದು ಮನೆಗೆ ಹೋದರೆ ಇಬ್ಬರಿಗೂ ಅನುಕೂಲ. ಪ್ರತಿಯೊಂದರ ಜೊತೆಗೂ ಒಗೆಯುವ ರೀತಿಯನ್ನು ಕೈಯಲ್ಲಿ ಬರೆದ ಚೀಟಿ ಇಡುತ್ತೇನೆ. ತೊಟ್ಟ ಫೋಟೊ ಕಳುಹಿಸಿದರೆ ಸಂತೋಷಪಡುತ್ತೇನೆ, ಆದರೆ ಮಕ್ಕಳ ಫೋಟೊವನ್ನು ಎಲ್ಲಿಯೂ ಹಾಕುವುದಿಲ್ಲ.

ಮಳೆ ಬಿಟ್ಟ ಮೇಲೆ, ಕಾವೇರಿ ಸಂಕ್ರಮಣದ ಹೊತ್ತಿಗೆ, ರೇಷ್ಮೆಗಳನ್ನು ಹೊರತೆಗೆದು ನೆರಳಿನಲ್ಲಿ ಹರವುವುದು ಈಗ ನಮ್ಮ ಮನೆಯ ಪದ್ಧತಿಯಾಗಿದೆ. ಆಗ ಮಗಳು ನೋಟ್‌ಬುಕ್ ಹಿಡಿದು ಪಕ್ಕದಲ್ಲಿ ಕೂರುತ್ತಾಳೆ. ಕಳೆದ ಸಲ ಅವಳು ಓದಿದ ಮೊದಲ ಮೂರು ಸಾಲೂ ನಮ್ಮ ಸುಗ್ಗಿ ಹಬ್ಬ ಹುತ್ತರಿಗೆ ಹುಡುಗರ ಕುಪ್ಯ ಬೇಕೆಂದವರದ್ದೇ. ನಮ್ಮಲ್ಲಿ ಇದ್ದದ್ದು ಎರಡು. ಮೂರನೆಯವರಿಗಾಗಿ ಗೋಣಿಕೊಪ್ಪದ ಒಬ್ಬ ಮಾರಾಟಗಾರ್ತಿಯನ್ನು ಕೇಳಿದೆ, ಅವರು ಭುಜದಿಂದ ಕೆಳಗಿನ ಅಳತೆಯನ್ನು ಆ ರಾತ್ರಿಯೇ ಕಳುಹಿಸಿದರು.