ನಾಯಿ ಬಿಲ್ಲೆಗೆ ಬಂದವರು ಲೈಸೆನ್ಸೂ ಮಾಡಿಸಿದರು

"ಲೈಸೆನ್ಸ್ ಯಾಕ್ರೀ? ನಮ್ಮ ನಾಯಿ ಏನು ಸ್ಕೂಟರ್ ಹೊಡೀತೈತೇನು?"

ಸಾಕುನಾಯಿಗೆ ಪಾಲಿಕೆ ಲೈಸೆನ್ಸ್ ಮಾಡಿಸಿ ಅಂತ ಕೇಳಿದ್ದಕ್ಕೆ, ಹುಬ್ಬಳ್ಳಿಯ ಉಣಕಲ್ ಕಡೆ ನಮ್ಮ ಬಡಾವಣೆಯಲ್ಲಿ ಮೊದಲ ದಿನ ಸಿಕ್ಕ ಉತ್ತರ ಇದು. ಈಗ ಇಲ್ಲಿನ ಸುಮಾರು 70 ಸಾಕುನಾಯಿಗಳಲ್ಲಿ 55ಕ್ಕಾದರೂ ಪಾಲಿಕೆಯ ಲೈಸೆನ್ಸ್ ಇದೆ. ಸಂಘದ ಸಭೆಯಲ್ಲಿ ನನ್ನನ್ನು ನೋಡಿ ನಕ್ಕವರೇ ಫೋನ್ ಮಾಡಿ "ಹೆಂಗ್ ಮಾಡಿದ್ರಿ" ಅಂತ ಕೇಳುತ್ತಿದ್ದಾರೆ. ಲೈಸೆನ್ಸಿಗೆ ಬೇಕಾದ ಫಾರ್ಮು, ಲಸಿಕೆ ಕಾರ್ಡು, ಫೋಟೊದ ಮಾತು ಇಲ್ಲಿ ಬಿಡಿ.

ಮೊದಲು ಕರಪತ್ರ ಹೊಡೆಸಿದೆ. ಸಾವಿರಕ್ಕೆ 1,800 ರೂಪಾಯಿ ಚಿಲ್ಲರೆ ಹೋಯ್ತು. ಬಂದವರು ಮೂವರು, ಅವರಲ್ಲಿ ಒಬ್ಬರ ಮನೆಯಲ್ಲಿದ್ದದ್ದು ಬೆಕ್ಕು! ಉಳಿದ ಕರಪತ್ರದಲ್ಲಿ ಗಾಡಿಯವನು ಮಿರ್ಚಿ ಕಟ್ಟಿಕೊಡೋದನ್ನು ನಾನೇ ಕಣ್ಣಾರೆ ನೋಡಿದೆ. ಆಮೇಲೆ ದಂಡ ಬೀಳುತ್ತೆ ಅಂತ ಹೆದರಿಸಿದೆ. ಅದು ಇನ್ನೂ ಕೆಟ್ಟಿತು. ಒಂದೇ ರಾತ್ರಿಯಲ್ಲಿ ಓಣಿಯ ಯಾವ ನಾಯಿಗೂ ಮಾಲೀಕರೇ ಇಲ್ಲ. "ನಮ್ಮದಲ್ರೀ ಅದು, ಸುಮ್ನ ಬಂದು ಮಕ್ಕೊಂತೈತಿ" ಅಂದರು ಒಬ್ಬ ಅಕ್ಕ. ಅದು ಮಲಗಿದ್ದು ಅವರ ಸೋಫಾ ಮೇಲೆ.

ಮೇ ತಿಂಗಳ ಲಸಿಕೆ ಶಿಬಿರದ್ದು ಮಾತ್ರ ಹೊಟ್ಟೆ ಉರಿ ಇನ್ನೂ ಹೋಗಿಲ್ಲ. ರೇಬೀಸ್ ಲಸಿಕೆ 2ರಿಂದ 8 ಡಿಗ್ರಿ ತಂಪಿನಲ್ಲೇ ಇರಬೇಕು. ನಾನು ಜಾಣ, ಮನೆಯಲ್ಲಿದ್ದ ಹಳೇ ಥರ್ಮೋಕೋಲ್ ಡಬ್ಬಿಗೆ ಐಸ್ ತುಂಬಿ ಒಯ್ದೆ. ಹನ್ನೊಂದು ಗಂಟೆಗೆ ಡಾಕ್ಟ್ರು ಮುಚ್ಚಳ ತೆಗೆದರೆ ಐಸೆಲ್ಲ ಉಗುರುಬೆಚ್ಚಗಿನ ನೀರಾಗಿ, ಬಾಟಲಿಗಳು ಅದರಲ್ಲೇ ಬಿದ್ದಿದ್ದವು. ಒಂದೊಂದರಲ್ಲಿ 10 ಡೋಸು, ಅಂಥ ನಾಲ್ಕು ಬಾಟಲಿ ಎಸೆದೆವು. ಮೂರು ಸಾವಿರದ ಹತ್ತಿರ ನನ್ನ ಕೈಯಿಂದಲೇ ಹೋಯ್ತು. ಮನೆಯಲ್ಲಿ ಇನ್ನೂ ಹೇಳಿಲ್ಲ.

ಆ ದೀಪಾವಳಿಗೆ ನಮ್ಮ ಓಣಿಯ ಲ್ಯಾಬ್ರಡಾರ್ ಒಂದು ಪಟಾಕಿಗೆ ಹೆದರಿ ಗೇಟು ಹಾರಿ ಓಡಿತು. ಸಿಕ್ಕಿದ್ದು ಎರಡು ದಿನ ಬಿಟ್ಟು, ಭೈರಿದೇವರಕೊಪ್ಪದಲ್ಲಿ. ಕಟ್ಟಿಹಾಕಿಕೊಂಡವರು ಒಳ್ಳೆಯವರೇ. ಆದರೆ ಕೊರಳಲ್ಲಿ ಏನೂ ಇಲ್ಲ, ಯಾರಿಗೆ ಅಂತ ಫೋನ್ ಮಾಡಬೇಕು? ಆ ಮನೆಯಲ್ಲಿ ಹಬ್ಬದ ದಿನ ಒಲೆ ಹಚ್ಚಿರಲಿಲ್ಲ. ದಂಡಕ್ಕೆ ಹೆದರದ ಜನ ನಾಯಿ ಕಳೆಯೋದಕ್ಕೆ ಹೆದರುತ್ತಾರೆ ಅಂತ ಆಗ ಹೊಳೀತು.

ದುರ್ಗದಬೈಲಿಗೆ ಹೋದೆ. ಅಲ್ಲಿ ಭಾಂಡೆ ಮೇಲೆ ಹೆಸರು ಹಾಕೋ ಕಾಕಾ ಒಬ್ಬರಿದ್ದಾರೆ. ನಾಯಿ ಕೊರಳಿಗೆ ಹಾಕೋ ಹಿತ್ತಾಳೆ ಬಿಲ್ಲೆ ತೋರಿಸಿ ಕೆತ್ತಿಸಿದೆ: ಮುಂದೆ ನಾಯಿ ಹೆಸರು, ಫೋನ್ ನಂಬರು. ಹಿಂದೆ "ಲೈ. ನಂ." ಅಂತಷ್ಟೇ ಹಾಕಿ ಜಾಗ ಖಾಲಿ. ಎಲ್ಲ ಸೇರಿ 35 ರೂಪಾಯಿ ಬಿತ್ತು. ಮ್ಯಾಜಿಕ್ ಇರೋದು ಆ ಖಾಲಿ ಜಾಗದಲ್ಲಿ. "ಇದೇನ್ರೀ, ಅರ್ಧಾ ಬಿಟ್ಟೀರಿ?" ಅಂತ ಅವರೇ ಕೇಳುತ್ತಾರೆ. ಆಗ ಫಾರ್ಮ್ ಮುಂದಿಡಬೇಕು, ಅದಕ್ಕಿಂತ ಮುಂಚೆ ಬೇಡ.

ಮುಂದಿನ ವರ್ಷದ ಲಸಿಕೆ ಶಿಬಿರವನ್ನೂ ಸೆಪ್ಟೆಂಬರ್ 28ರ ರೇಬೀಸ್ ದಿನದ ವಾರಕ್ಕೆ ತಳ್ಳಿದೆ. ಬಿಸಿಲು ಕಡಿಮೆ, ದೀಪಾವಳಿಯೂ ಹತ್ತಿರ. ಲಸಿಕೆ ಡಬ್ಬಿ ಈ ಸಲ ಡಾಕ್ಟ್ರದ್ದೇ. ಪಾಲಿಕೆಯಲ್ಲಿ ಫಾರ್ಮುಗಳು ಮೇಜಿಂದ ಮೇಜಿಗೆ ಬೇಗ ಹೋಗೋಕೆ ಏನು ಮಾಡಿದೆ ಅನ್ನೋದನ್ನು ಇಲ್ಲಿ ಬರೆಯಲ್ಲ. ಯಾರಿಗೂ ದುಡ್ಡು ಕೊಟ್ಟಿಲ್ಲ, ಅಷ್ಟು ಹೇಳ್ತೇನೆ.

ನಡುವೆ ಒಂದು ಹುಚ್ಚು. ನಾಯಿ ಮೂಗಿನ ಗೆರೆ ನಮ್ಮ ಹೆಬ್ಬೆರಳಿನ ಹಾಗೆ, ಒಂದರಂತೆ ಇನ್ನೊಂದು ಇರಲ್ಲ ಅಂತ ಓದಿದ್ದೆ. ಸ್ಟ್ಯಾಂಪ್ ಪ್ಯಾಡ್ ಹಿಡಿದು ಮೂಗಿನ ಗುರುತು ತಗೊಳ್ಳೋಕೆ ಹೋದೆ. ಒಂದು ಮುಧೋಳ ನಾಯಿ ಪ್ಯಾಡನ್ನೇ ಕಿತ್ತುಕೊಂಡು ಹೋಯ್ತು. ಅಲ್ಲಿಗೆ ಸಂಶೋಧನೆ ಮುಗೀತು. ಅಂಗಿಯ ನೀಲಿ ಕಲೆ ಇನ್ನೂ ಇದೆ.

ಬಿಲ್ಲೆಗೆ 50 ತಗೊಳ್ತೇನೆ. ಉಳಿಯೋ 15 ರೂಪಾಯಿ ಆ ನಾಲ್ಕು ಬಾಟಲಿಯ ಸಾಲಕ್ಕೆ. ಇನ್ನೂ ಎರಡು ಸಾವಿರದ ಮೇಲೆ ಬಾಕಿ ಇದೆ. ನವನಗರದವರು 100 ಬಿಲ್ಲೆ ಕೇಳಿದ್ದಾರೆ, ಕಾಕಾಗೆ ಅಡ್ವಾನ್ಸ್ ಕೊಟ್ಟು ಬಂದೆ.