ದುಬಾರಿ ಟಿವಿಯನ್ನು ಮನೆಯಲ್ಲೇ ಒರೆಗೆ ಹಚ್ಚುವ ಕ್ರಮ

ಅಂಗಡಿಯ ಡೆಮೊ ಮೋಡಿನಲ್ಲಿ ಬೆಳಕು ಪೂರ್ತಿ ಏರಿಸಿ, ಬಿಳಿಯನ್ನು ನೀಲಿಗೆ ತಿರುಗಿಸಿ, ಹಕ್ಕಿ, ಹಣ್ಣು, ಕಡಲಿನ 4ಕೆ ವಿಡಿಯೊ ಓಡಿಸಿರುತ್ತಾರೆ. ಕಾಸರಗೋಡಿನ ಕುಂಬಳೆಯಲ್ಲೋ ಬದಿಯಡ್ಕದಲ್ಲೋ ಮನೆಯ ಚಾವಡಿಯಲ್ಲಿ ಅದೇ ಟಿವಿಗೆ ಬರುವುದು ಕೇಬಲಿನ ಎಸ್‌ಡಿ ಚಾನೆಲು, ಯೂಟ್ಯೂಬಿನ ಯಕ್ಷಗಾನ, ರಾತ್ರಿಯ ಕ್ರಿಕೆಟ್ಟು. ಹಾಗಾಗಿ ಅಂಗಡಿಯಲ್ಲಿ ನಾನು ನೋಡುವುದು ಎರಡೇ: ಓರೆಯಾಗಿ ನಿಂತರೆ ಬಣ್ಣ ಮಾಸುತ್ತದೆಯೇ, ಹಿಂಬದಿಯಲ್ಲಿ ಯಾವ ಪೋರ್ಟುಗಳಿವೆ. ಉಳಿದದ್ದೆಲ್ಲ ಮನೆಯಲ್ಲಿ, ಬದಲಿ ಕೊಡುವ ಅವಧಿ ಮುಗಿಯುವ ಮೊದಲು. ಅಲ್ಲಿಯವರೆಗೆ ಪೆಟ್ಟಿಗೆ, ಥರ್ಮೋಕೋಲು ಎಸೆಯುವುದಿಲ್ಲ.

ಗಾತ್ರದ ಲೆಕ್ಕ ಸುಲಭ. ಪರದೆಯ ಕರ್ಣದ 1.6 ಪಟ್ಟು ದೂರದಲ್ಲಿ ಕೂತರೆ ಚಿತ್ರ ಕಣ್ಣಿಗೆ ಸುಮಾರು 30 ಡಿಗ್ರಿಯಷ್ಟು ಅಗಲ ಕಾಣುತ್ತದೆ. 55 ಇಂಚಿಗೆ ಹೆಚ್ಚುಕಡಿಮೆ ಏಳೂವರೆ ಅಡಿ, 65 ಇಂಚಿಗೆ ಸುಮಾರು ಒಂಬತ್ತು ಅಡಿ. ಆದರೆ ಎಸ್‌ಡಿ ಚಾನೆಲಿನಲ್ಲಿರುವುದು ಹೆಚ್ಚೆಂದರೆ 720×576 ಚುಕ್ಕೆ. 4ಕೆ ಪರದೆಯಲ್ಲಿ 3840×2160. ನಡುವಿನದನ್ನೆಲ್ಲ ಟಿವಿಯೇ ಊಹಿಸಿ ತುಂಬಬೇಕು. ದಿನವಿಡೀ ಎಸ್‌ಡಿ ನೋಡುವ ಮನೆಗೆ ಒಂದು ಗಾತ್ರ ಚಿಕ್ಕದೇ ಲೇಸು. ಸೆಟ್‌ಟಾಪ್ ಬಾಕ್ಸಿನ ಔಟ್‌ಪುಟ್ಟನ್ನು ಒಮ್ಮೆ 576ಕ್ಕೆ, ಒಮ್ಮೆ 1080ಕ್ಕೆ ಇಟ್ಟು ಅದೇ ಚಾನೆಲ್ ನೋಡಿ. ಒಳ್ಳೆಯ ಟಿವಿಯಾದರೆ ಮೊದಲನೆಯದೇ ಚೆನ್ನಾಗಿ ಕಾಣಬೇಕು. ಬಾಕ್ಸಿನ ಚಿಪ್ಪೇ ಗೆದ್ದರೆ ಟಿವಿಗೆ ಕೊಟ್ಟ ದುಡ್ಡಿನ ಬಗ್ಗೆ ಎರಡನೇ ಯೋಚನೆ ಬೇಕು.

ಟಿವಿ ಆನ್ ಮಾಡುವ ಮೊದಲು, ಹಗಲು ಹನ್ನೊಂದು ಗಂಟೆಗೆ, ನಿತ್ಯ ಕೂರುವ ಜಾಗದಲ್ಲಿ ಕೂತು ಕಪ್ಪು ಪರದೆಯನ್ನೇ ನೋಡಬೇಕು. ಎದುರಿನ ಕಿಟಕಿಯ ಸರಳುಗಳನ್ನು ಒಂದೊಂದಾಗಿ ಎಣಿಸುವಂತಿದ್ದರೆ ಓಎಲ್‌ಇಡಿಯ (ಪ್ರತಿ ಚುಕ್ಕೆಯೂ ತಾನೇ ಬೆಳಗುವ, ತಾನೇ ಆರುವ ಪರದೆ) ಕಪ್ಪು ರಾತ್ರಿಗೆ ಮಾತ್ರ. ಅಂಥ ಚಾವಡಿಗೆ ಪರದೆಯ ಹಿಂದಿನ ಪುಟ್ಟ ದೀಪಗಳಿಂದ ಹೆಚ್ಚು ಬೆಳಕು ಚೆಲ್ಲುವ ಮಿನಿ ಎಲ್‌ಇಡಿ ಹೊಂದುತ್ತದೆ, ಇಲ್ಲವೇ ಪರದೆಯ ಜಾಗ ಬದಲಿಸಬೇಕು.

ಆಮೇಲೆ ಸೆಟ್ಟಿಂಗು. ಪಿಕ್ಚರ್ ಮೋಡ್ ಮೂವಿ ಅಥವಾ ಫಿಲ್ಮ್‌ಮೇಕರ್. ಬಣ್ಣದ ಉಷ್ಣತೆ ವಾರ್ಮ್. ಪರಿಸರದ ಬೆಳಕಿನ ಸೆನ್ಸರು, ಇಕೋ ಮೋಡು, ಫ್ರೇಮುಗಳ ನಡುವೆ ಊಹೆಯ ಫ್ರೇಮು ತುಂಬುವ ಮೋಷನ್ ಸ್ಮೂದಿಂಗ್ ಎಲ್ಲ ಆಫ್. ಶಾರ್ಪ್‌ನೆಸ್ ಹೆಚ್ಚಿನ ಟಿವಿಗಳಲ್ಲಿ ಸೊನ್ನೆಗೆ, ಸೋನಿಯಲ್ಲಿ 50ರ ಆಸುಪಾಸು. ಮೊದಲೆರಡು ದಿನ ಚಿತ್ರ ಹಳದಿಯಾಯಿತೆಂದು ಮನೆಮಂದಿ ಗೊಣಗುತ್ತಾರೆ. ಕಣ್ಣು ಒಗ್ಗಿದ ಮೇಲೆ ಹಳೆಯ ನೀಲಿಯೇ ವಿಕಾರವಾಗಿ ಕಾಣುತ್ತದೆ. 4ಕೆ ಸಾಧನ ಜೋಡಿಸುವ ಎಚ್‌ಡಿಎಂಐ ಪೋರ್ಟಿನ ಸಿಗ್ನಲ್ ಸೆಟ್ಟಿಂಗ್ ಎನ್‌ಹಾನ್ಸ್‌ಡ್ ಅಥವಾ ಡೀಪ್ ಕಲರ್‌ನಲ್ಲಿರಲಿ. ಅದು ಆಫ್ ಇದ್ದರೆ ಹಲವು ಟಿವಿಗಳಲ್ಲಿ ಹೊರಗಿನ ಸಾಧನದಿಂದ ಎಚ್‌ಡಿಆರ್ (ಬೆಳಕು–ಕತ್ತಲೆಯ ಹೆಚ್ಚಿನ ಹರವಿರುವ ಚಿತ್ರ) ಬರುವುದೇ ಇಲ್ಲ, ಜನ ಟಿವಿಯನ್ನು ಬೈಯುತ್ತಾರೆ.

ಪರದೆಯ ದೋಷ ಹುಡುಕಲು ಪೆನ್‌ಡ್ರೈವಿನಲ್ಲಿ ಕೆಲವು ಚಿತ್ರ ಸಾಕು: ಪೂರ್ತಿ ಕೆಂಪು, ಹಸಿರು, ನೀಲಿ, ಬಿಳಿ, ಮತ್ತೆ ಶೇ. 5ರ ಬೂದು, ಶೇ. 50ರ ಬೂದು. ಸತ್ತ ಪಿಕ್ಸೆಲ್ (ಬೆಳಗದ ಚುಕ್ಕೆ) ಬಣ್ಣದ ಚಿತ್ರಗಳಲ್ಲಿ ಸಿಗುತ್ತದೆ. ಶೇ. 5ರಲ್ಲಿ, ಕತ್ತಲ ಕೋಣೆಯಲ್ಲಿ, ಓಎಲ್‌ಇಡಿಯ ಉದ್ದುದ್ದ ಗೆರೆಗಳೂ ಎಲ್‌ಇಡಿಯ ಮೂಲೆ ಸೋರಿಕೆಯೂ ಕಾಣುತ್ತವೆ. ಸ್ವಲ್ಪ ಇದ್ದೇ ಇರುತ್ತದೆ. ಶೇ. 50ರ ಕಲೆಯನ್ನು ಮಾತ್ರ ಕ್ಷಮಿಸಬಾರದು, ಯಾಕೆಂದರೆ ಕ್ಯಾಮೆರಾ ಚೆಂಡಿನ ಹಿಂದೆ ಓಡುವಾಗ ಹಸಿರು ಮೈದಾನದ ಮೇಲೆ ಆ ಕಲೆ ಗಾಜಿಗೆ ಅಂಟಿದ ಕೊಳೆಯಂತೆ ನಿಂತೇ ಇರುತ್ತದೆ.

ನನ್ನ ಮುಖ್ಯ ಪರೀಕ್ಷೆ ಯಕ್ಷಗಾನ. ತೆಂಕುತಿಟ್ಟಿನ ಬಣ್ಣದ ವೇಷದ (ರಾಕ್ಷಸ ಪಾತ್ರದ) ಪ್ರವೇಶಕ್ಕಿಂತ ಕಠಿಣ ದೃಶ್ಯವನ್ನು ಯಾವ ಕಂಪನಿಯ ಡೆಮೊದಲ್ಲೂ ಕಂಡಿಲ್ಲ. ಹಿಂದೆ ರಾತ್ರಿಯ ಕಪ್ಪು, ನಡುವೆ ದೊಂದಿಯ ಬೆಂಕಿ, ರಾಳ ಎರಚಿದಾಗ ಭಗ್ಗೆನ್ನುವ ಜ್ವಾಲೆ. ಆ ಕ್ಷಣದಲ್ಲಿ ಲೋಕಲ್ ಡಿಮ್ಮಿಂಗ್ ವಲಯಗಳು (ಎಲ್‌ಇಡಿ ಪರದೆಯ ಹಿಂದೆ ಬೇರೆ ಬೇರೆಯಾಗಿ ಬೆಳಗಿ ಆರುವ ದೀಪದ ಗುಂಪುಗಳು) ತಡವಾಗಿ ಬೆಳಗಿ ತಡವಾಗಿ ಆರಿದರೆ ಬೆಂಕಿ ಹೋದ ಮೇಲೂ ಬೂದು ಪ್ರಭೆ ಉಳಿಯುತ್ತದೆ. ಮುಖದ ಮೇಲೆ ಅಕ್ಕಿ ಹಿಟ್ಟಿನಿಂದ ಇಟ್ಟ ಬಿಳಿ ಚಿಟ್ಟಿಯ ಮೊನೆಗಳು ಬೇರೆ ಬೇರೆಯಾಗಿ ಕಾಣಬೇಕು. ಬಿಳಿ ಮುದ್ದೆಯಾದರೆ ಕಾಂಟ್ರಾಸ್ಟ್ ಇಳಿಸಿ. ಕೆಂಪು ದಗಲೆಯ (ಮೇಲಂಗಿಯ) ಮಡಿಕೆಗಳು ಅಳಿಸಿಹೋದರೆ ಕಲರ್ ಹೆಚ್ಚಾಗಿದೆ. ಇನ್ನು ವೇಷ ಗಿರಗಿರ ತಿರುಗುವಾಗ, ಸುತ್ತುತ್ತ ದಿಗಿಣ ಹಾರುವಾಗ, ಕಿರೀಟದ ಅಂಚು ಹರಿದಂತೆ, ಕೈಯ ಸುತ್ತ ನೀರು ಅಲುಗಿದಂತೆ ಕಂಡರೆ ಮೋಷನ್ ಸ್ಮೂದಿಂಗ್ ಇನ್ನೂ ಎಲ್ಲೋ ಆನ್ ಇದೆ ಎಂದರ್ಥ. ಕಪ್ಪಿನಲ್ಲಿ ಚೌಕ ಚೌಕ ತುಣುಕುಗಳು ಕಂಡರೆ ಮಾತ್ರ ಅವಸರದ ತೀರ್ಪು ಬೇಡ. ಅದೇ ವಿಡಿಯೊವನ್ನು ಒಳ್ಳೆಯ ಫೋನಿನಲ್ಲಿ ನೋಡಿ; ಅಲ್ಲೂ ಇದ್ದರೆ ತಪ್ಪು ವಿಡಿಯೊದ್ದು.

ನ್ಯೂಸ್ ಚಾನೆಲಿನ ಕೆಳಪಟ್ಟಿಯಲ್ಲಿ ಓಡುವ ಅಕ್ಷರಗಳೂ ಒಂದು ಪರೀಕ್ಷೆ. ನಮ್ಮ ಪ್ರಸಾರ 50 ಹರ್ಟ್ಸ್‌ನದು, ಅಂದರೆ ಸೆಕೆಂಡಿಗೆ 50 ಸಲ ಚಿತ್ರ ಬದಲಾಗುತ್ತದೆ. ಅದೇ ಚಾನೆಲನ್ನು ಇಂಟರ್ನೆಟ್ಟಿನಿಂದ ತರುವ ಸ್ಟ್ರೀಮಿಂಗ್ ಸ್ಟಿಕ್ಕು 60ಕ್ಕೆ ನಿಂತಿದ್ದರೆ ಅಕ್ಷರಗಳು ಜರ್ಕು ಹೊಡೆಯುತ್ತವೆ. ಸ್ಟಿಕ್ಕಿನಲ್ಲಿ ಮ್ಯಾಚ್ ಫ್ರೇಮ್ ರೇಟ್ ಆನ್ ಮಾಡಬೇಕು. ಸಿನಿಮಾ 24 ಫ್ರೇಮಿನದು, 120 ಹರ್ಟ್ಸ್ ಪರದೆಯಲ್ಲಿ ಪ್ರತಿ ಫ್ರೇಮು ಸರಿಯಾಗಿ ಐದು ಸಲ. 60ರಲ್ಲಿ ಒಂದು ಮೂರು, ಇನ್ನೊಂದು ಎರಡು. ಪೆಟ್ಟಿಗೆಯ ಮೇಲಿನ ‘ಮೋಷನ್ ರೇಟ್ 240’ ನಂಬಬೇಡಿ, ಪ್ಯಾನೆಲಿನ ನಿಜವಾದ ಹರ್ಟ್ಸ್ ಕೇಳಿ.

ಧ್ವನಿಯ ವಿಷಯದಲ್ಲಿ ಹೆಚ್ಚು ಹೇಳುವುದಿಲ್ಲ. ತೆಳು ಟಿವಿಯ ಸ್ಪೀಕರು ಹೆಚ್ಚಾಗಿ ಕೆಳಮುಖ. ಚೆಂಡೆ ಏರಿದಾಗ ಭಾಗವತರ ಪದ ಕೇಳದಿದ್ದರೆ ಸೌಂಡ್‌ಬಾರ್‌ಗೂ ದುಡ್ಡು ಎತ್ತಿಡಿ, ಟಿವಿಯ ಧ್ವನಿಯನ್ನು ಹೊರಗೆ ಕಳಿಸುವ, ಇಆರ್ಕ್ (eARC) ಎಂದು ಬರೆದ ಎಚ್‌ಡಿಎಂಐ ಪೋರ್ಟಿಗೆ ಜೋಡಿಸಿ. ಕೋಲು ಚೆಂಡೆಗೆ ಬೀಳುವುದೂ ಸದ್ದೂ ಒಟ್ಟಿಗೆ ಬರುವವರೆಗೆ ಆಡಿಯೊ ಡಿಲೇ ತಿದ್ದಿದರೆ ತುಟಿ–ಮಾತೂ ಸರಿಹೋಗುತ್ತದೆ.

ಗೋಡೆಗೆ ಬಿಗಿಯುವುದಾದರೆ ಮುಂಗಾರಿನ ಇರಚಲು ಹೊಡೆಯುವ ಪಡುವಣ ಗೋಡೆ ಬೇಡ. ಇಲ್ಲಿನ ಗೋಡೆಯ ಮುರಕಲ್ಲು (ಕೆಂಪುಕಲ್ಲು) ತೂತು ತೂತಿನದು. ಚಿಕ್ಕ ಫಾಸ್ಟನರು ಕೆಲವೇ ತಿಂಗಳಲ್ಲಿ ಸಡಿಲಾಗುತ್ತದೆ. ದಪ್ಪ ಪ್ಲೈವುಡ್ ಹಲಗೆಯನ್ನು ಉದ್ದ ಬೋಲ್ಟುಗಳಿಂದ ಹಲವು ಕಡೆ ಬಿಗಿದು, ಅದರ ಮೇಲೆ ಬ್ರಾಕೆಟ್.

ಕರೆಂಟಿನ ಕಡೆ, 100ರಿಂದ 240 ವೋಲ್ಟ್ ತನಕ ನಡೆಯುವ ಟಿವಿಗೆ ವೋಲ್ಟೇಜ್ ಇಳಿಯುವುದು ದೊಡ್ಡ ಸಮಸ್ಯೆಯಲ್ಲ, ಸರ್ಜು (ವೋಲ್ಟೇಜ್ ಒಮ್ಮೆಲೇ ಏರುವುದು) ಮತ್ತು ಸಿಡಿಲು ಸಮಸ್ಯೆ. ಟಿವಿಯ ಪ್ಲಗ್ಗಿಗೆ ಎರಡೇ ಪಿನ್ ಇದ್ದರೂ ಸರ್ಜ್ ಪ್ರೊಟೆಕ್ಟರಿಗೆ ಅರ್ತ್ ಬೇಕೇ ಬೇಕು. ಎಲೆಕ್ಟ್ರೀಷಿಯನ್ನರಿಂದ ಮೀಟರಿನಲ್ಲಿ ನೋಡಿಸಿ: ಫೇಸ್–ನ್ಯೂಟ್ರಲ್ ನಡುವೆ ಎಷ್ಟೋ ಫೇಸ್–ಅರ್ತ್ ನಡುವೆಯೂ ಹೆಚ್ಚುಕಡಿಮೆ ಅಷ್ಟೇ ಇರಬೇಕು, ನ್ಯೂಟ್ರಲ್–ಅರ್ತ್ ಎರಡು ಮೂರು ವೋಲ್ಟ್ ದಾಟಬಾರದು. ಮೀಟರು ಸರಿ ತೋರಿಸಿತೆಂದು ಅರ್ತ್ ಗಟ್ಟಿಯೆಂದಲ್ಲ, ಪೂರ್ತಿ ಕೆಟ್ಟಿದ್ದರೆ ಮಾತ್ರ ಅದು ಹೇಳುತ್ತದೆ. ಬೇಸಿಗೆಯಲ್ಲಿ ಅರ್ತ್ ಗುಂಡಿಗೆ ನೀರು ಹೊಯ್ಯಬೇಕು. ತುಲಾ ಮಾಸದಲ್ಲಿ (ಅಕ್ಟೋಬರ್–ನವೆಂಬರ್) ಮಧ್ಯಾಹ್ನದ ಮೇಲೆ ಗುಡುಗು ಶುರುವಾಗುವ ಮೊದಲೇ ಪ್ಲಗ್ ಎಳೆಯಬೇಕು, ಅದಷ್ಟೇ ಸಾಲದು. ಡಿಶ್ಶಿನ, ಕೇಬಲಿನ ತಂತಿ ಮತ್ತು ಲ್ಯಾನ್ ಕೂಡ ಕಳಚಬೇಕು, ಎಚ್‌ಡಿಎಂಐ ಪೋರ್ಟ್ ಸುಡುವುದು ಹೆಚ್ಚಾಗಿ ಆ ದಾರಿಯಲ್ಲಿ. ಗುಡುಗಿಲ್ಲದ ದಿನಗಳಲ್ಲಿ ಓಎಲ್‌ಇಡಿಯನ್ನು ಗೋಡೆಯ ಸ್ವಿಚ್ಚಿನಲ್ಲಿ ಆರಿಸದೆ ರಿಮೋಟಿನಿಂದ ಸ್ಟ್ಯಾಂಡ್‌ಬೈಗೆ ಹಾಕಿ ಬಿಡಿ. ನಾಲ್ಕೈದು ಗಂಟೆ ನೋಡಿದ ಮೇಲೆ ಪಿಕ್ಸೆಲ್‌ಗಳನ್ನು ಸಮಮಾಡುವ ಕೆಲಸವನ್ನು ಟಿವಿ ಆಗಲೇ ಮಾಡುವುದು. ಕರೆಂಟು ಕಡಿದರೆ ಅದು ನಡೆಯದೆ, ನ್ಯೂಸ್ ಚಾನೆಲಿನ ಲೋಗೊದ ನೆರಳು ಪರದೆಯಲ್ಲಿ ಬೇಗ ಕೂರುತ್ತದೆ.